ತಂಡದ ಅಂಗಿ ಯಾರ ಸ್ವತ್ತು?

ಆಟದ ತಂಡಕ್ಕೆ ಎರಡು ಬಗೆಯ ಉಡುಪು ಇರುತ್ತದೆ. ಒಂದು ಪಂದ್ಯದ ಜೆರ್ಸಿ, ಇನ್ನೊಂದು ಅಭ್ಯಾಸದ ಉಡುಪು. ಪಂದ್ಯದ ಜೆರ್ಸಿಗೆ ನಿಯಮಗಳ ಕಟ್ಟು ಬಿಗಿ. ಫುಟ್‌ಬಾಲ್‌ನಲ್ಲಿ ಅದು ಎದುರಾಳಿಯ ಬಣ್ಣಕ್ಕಿಂತ ಬೇರೆಯಾಗಿರಬೇಕು, ಬೆನ್ನ ಮೇಲಿನ ಸಂಖ್ಯೆ ದೂರದಿಂದಲೂ ಓದುವಂತಿರಬೇಕು. ಅಭ್ಯಾಸದ ಉಡುಪಿಗೆ ಅಂಥ ಕಟ್ಟು ಕಡಿಮೆ. ಬಣ್ಣ ಬದಲಿಸುವ, ಹೊಸ ವಿನ್ಯಾಸ ಪರೀಕ್ಷಿಸುವ, ಇನ್ನೊಬ್ಬ ಪ್ರಾಯೋಜಕರಿಗೆ ಜಾಗ ಮಾರುವ ಪ್ರಯೋಗಗಳು ನಡೆಯುವುದು ಹೆಚ್ಚಾಗಿ ಇದರ ಮೇಲೆಯೇ. 2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಅಭ್ಯಾಸದ ಅಂಗಿಯ ಮೇಲೆ ಡಿಎಚ್‌ಎಲ್ ಕಂಪನಿಯ ಹೆಸರು ಹಾಕಲು ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ನಾಲ್ಕು ವರ್ಷಕ್ಕೆ ಸುಮಾರು 4 ಕೋಟಿ ಪೌಂಡ್ ಮೊತ್ತದ ಒಪ್ಪಂದವದು. ಬೆವರು ಒರೆಸಿಕೊಳ್ಳುವ ಅಂಗಿಯೂ ಮಾರಾಟದ ಸರಕು ಎಂಬುದು ಅಲ್ಲಿಂದ ಎಲ್ಲ ಕ್ಲಬ್‌ಗಳಿಗೂ ಮನವರಿಕೆಯಾಗತೊಡಗಿತು.

ಈ ಅಂಗಿಯನ್ನು ಕೊಳ್ಳುವವರು ಅಭಿಮಾನಿಗಳು. ಆದರೆ ಅದು ಹೇಗಿರಬೇಕೆಂದು ತೀರ್ಮಾನಿಸುವ ಕೋಣೆಯಲ್ಲಿ ತಂಡದ ಮಾಲೀಕರು, ಉಡುಪು ತಯಾರಿಸುವ ಕಂಪನಿ ಮತ್ತು ಪ್ರಾಯೋಜಕರು ಮಾತ್ರ ಕೂಡುತ್ತಾರೆ. ಹೊಸ ವಿನ್ಯಾಸ ಹೊರಬಂದಾಗಲೆಲ್ಲ ಏಳುವ ಅಸಮಾಧಾನದ ಬೇರು ಇಲ್ಲಿದೆ. ಅದನ್ನು ಅಭಿರುಚಿಯ ಜಗಳವೆಂದು ತಳ್ಳಿಹಾಕುವುದು ತಪ್ಪು. ತಂಡದ ಹೆಸರು, ಮೂಲ ಬಣ್ಣ, ಲಾಂಛನ ಈ ಮೂರೂ ಅಭಿಮಾನಿಗಳ ಒಪ್ಪಿಗೆಯಿಲ್ಲದೆ ಬದಲಾಗಕೂಡದು. ಉಳಿದದ್ದರಲ್ಲಿ ವಿನ್ಯಾಸಕಾರರು ಸ್ವತಂತ್ರರು. ಈ ಗೆರೆಯನ್ನು ಬರಹದಲ್ಲಿ ಎಳೆಯುವ ತನಕ ವಿವಾದ ಮುಗಿಯುವುದಿಲ್ಲ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಅತಿ ದೊಡ್ಡದಾಗಿ ಎದ್ದದ್ದು ಐಪಿಎಲ್ ಕ್ರಿಕೆಟ್‌ನ ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) ತಂಡದ ಸುತ್ತ. 2008ರಲ್ಲಿ ಕೆಂಪು ಮತ್ತು ಚಿನ್ನದ ಬಣ್ಣದಲ್ಲಿ ಕಣಕ್ಕಿಳಿದ ತಂಡಕ್ಕೆ ಕಾಲಾಂತರದಲ್ಲಿ ಕಪ್ಪು ಸೇರಿತು. 2011ರಿಂದ ಪರಿಸರದ ಹೆಸರಿನಲ್ಲಿ ಆಡುವ ಪಂದ್ಯಕ್ಕೆ ಹಸಿರು ಜೆರ್ಸಿ ಬಂತು. 2020ರ ಫೆಬ್ರುವರಿಯಲ್ಲಿ ತಂಡದ ಸಾಮಾಜಿಕ ಜಾಲತಾಣದ ಖಾತೆಗಳಿಂದ ಹಳೆಯ ಚಿತ್ರಗಳು ಇದ್ದಕ್ಕಿದ್ದಂತೆ ಮಾಯವಾದಾಗ, ನಾಯಕನಿಗೂ ತಿಳಿಸಿಲ್ಲ ಎಂದು ವಿರಾಟ್ ಕೊಹ್ಲಿ ಬಹಿರಂಗವಾಗಿ ಬರೆದರು. ಕೆಲವೇ ದಿನಗಳಲ್ಲಿ ಹೊಸ ಲಾಂಛನ ಪ್ರಕಟವಾಯಿತು. 2024ರ ಮಾರ್ಚ್ 19ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಕಾರ್ಯಕ್ರಮದಲ್ಲಿ ಹೆಸರಿನಲ್ಲಿದ್ದ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂತು. ಅದರ ಜೊತೆಯಲ್ಲೇ ಜೆರ್ಸಿಯ ಕಪ್ಪು ಹೋಗಿ ಕಡುನೀಲಿ ಬಂತು.

ಈ ಎರಡು ಬದಲಾವಣೆಗಳಿಗೆ ಸಿಕ್ಕ ಪ್ರತಿಕ್ರಿಯೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹೆಸರಿನ ಬದಲಾವಣೆಯನ್ನು ಅಭಿಮಾನಿಗಳು ಸಂಭ್ರಮದಿಂದ ಸ್ವೀಕರಿಸಿದರು. ಅದು ಅವರದೇ ಹಳೆಯ ಬೇಡಿಕೆಯಾಗಿತ್ತು. ಬಣ್ಣದ ಬದಲಾವಣೆಗೆ ಅಂಥ ಒಕ್ಕೊರಲು ಬರಲಿಲ್ಲ. ಹಲವರು ಮೆಚ್ಚಿದರು, ಹಲವರು ಕಪ್ಪು ಹೋದದ್ದಕ್ಕೆ ಮರುಗಿದರು. ಅಭಿಮಾನಿಗಳು ಎಲ್ಲ ಹೊಸತನ್ನೂ ವಿರೋಧಿಸುತ್ತಾರೆ ಎಂಬ ಆರೋಪ ಇಲ್ಲಿಯೇ ಬಿದ್ದುಹೋಗುತ್ತದೆ. ತಾವು ಕೇಳಿದ್ದು ಬಂದಾಗ ಅವರು ಹೊಸತನ್ನು ಅಪ್ಪಿಕೊಂಡರು. ತಮ್ಮನ್ನು ಕೇಳದೆ ಬಂದಾಗ ಅನುಮಾನದಿಂದ ನೋಡಿದರು.

ಹೆಸರಿನ ವಿಷಯದಲ್ಲಿ ತಂಡ ತಡಮಾಡಿತು ಎಂಬುದನ್ನೂ ಹೇಳಬೇಕು. ಸರ್ಕಾರ ಬೆಂಗಳೂರು, ಬೆಳಗಾವಿ ಸೇರಿದಂತೆ 12 ನಗರಗಳ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿದ್ದು 2014ರ ನವೆಂಬರ್ 1ರಂದು. ಕ್ರಿಕೆಟ್ ತಂಡ ಅದನ್ನು ಒಪ್ಪಿಕೊಳ್ಳಲು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಫುಟ್‌ಬಾಲ್ ಈ ವಿಷಯದಲ್ಲಿ ಮುಂದಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ, ಸರ್ಕಾರದ ಆದೇಶಕ್ಕೂ ಮೊದಲೇ ಊರಿನ ಹೆಸರನ್ನು ಊರಿನವರು ಕರೆಯುವಂತೆಯೇ ಇಟ್ಟುಕೊಂಡಿತು. ನೀಲಿ ಬಣ್ಣ ಮೊದಲ ದಿನದಿಂದ ಅದರ ಗುರುತು. ಆ ಕ್ಲಬ್‌ನ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಬ್ಲೂಸ್ ತನ್ನ ಹೆಸರಿನಲ್ಲೇ ಆ ಬಣ್ಣವನ್ನು ಹೊತ್ತಿದೆ. ಗುರುತು ಗಟ್ಟಿಯಾಗಿದ್ದರೆ ಅಭ್ಯಾಸದ ಅಂಗಿ ಪ್ರತಿವರ್ಷ ಬದಲಾದರೂ ಆತಂಕವಿರುವುದಿಲ್ಲ.

ಈ ಚರ್ಚೆಯಲ್ಲಿ ಸದಾ ಬಿಟ್ಟುಹೋಗುವ ಧ್ವನಿ ಬೆಂಗಳೂರಿನಿಂದ ದೂರದಲ್ಲಿರುವವರದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ರಾಜಧಾನಿ ಸುಮಾರು 500 ಕಿಲೋಮೀಟರ್ ದೂರ. ಪಂದ್ಯದ ಟಿಕೆಟ್, ಬಸ್ಸು ಅಥವಾ ರೈಲಿನ ಖರ್ಚು, ಒಂದೆರಡು ದಿನದ ದುಡಿಮೆ ಎಲ್ಲವನ್ನೂ ಕೂಡಿಸಿದರೆ ಕಬ್ಬಿನ ಗದ್ದೆಯಲ್ಲಿ ದುಡಿಯುವ ಮನೆಯ ಹುಡುಗನಿಗೆ ಕ್ರೀಡಾಂಗಣ ಕೈಗೆಟುಕುವ ಜಾಗವಲ್ಲ. ಅವನ ಪಾಲಿಗೆ ತಂಡವೆಂದರೆ ಟಿವಿ, ಮೊಬೈಲ್ ಮತ್ತು ಮೈಮೇಲಿನ ಅಂಗಿ. ಟಿವಿಯ ಆಟ ರಾತ್ರಿಗೆ ಮುಗಿಯುತ್ತದೆ. ಅಂಗಿ ಕಾಲೇಜಿಗೆ, ಜಾತ್ರೆಗೆ, ಹೊಲಕ್ಕೆ ಅವನ ಜೊತೆ ಹೋಗುತ್ತದೆ. ಕ್ರೀಡಾಂಗಣದಲ್ಲಿ ಕೂತು ನೋಡುವವರಿಗಿಂತ ಇವನಿಗೆ ಜೆರ್ಸಿಯ ಬಣ್ಣ ಹೆಚ್ಚು ಮುಖ್ಯ, ಏಕೆಂದರೆ ತಂಡದ ಜೊತೆ ಅವನಿಗಿರುವ ಮುಟ್ಟಬಹುದಾದ ನಂಟು ಅದೊಂದೇ.

ಬಟ್ಟೆಯ ಬೆಲೆಯನ್ನೂ ನೂಲಿನ ಗುಣವನ್ನೂ ಈ ಸೀಮೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ದಂಡೆಯ ಮೇಲೆ 1885ರಲ್ಲಿ ಆರಂಭವಾದ ಹತ್ತಿಯ ಗಿರಣಿ ತಲೆಮಾರುಗಳಿಗೆ ಅನ್ನ ಕೊಟ್ಟಿದೆ. ಇಂದಿನ ಜೆರ್ಸಿ ಹತ್ತಿಯದಲ್ಲ, ಪಾಲಿಯೆಸ್ಟರ್. ಬೆವರನ್ನು ಬೇಗ ಹೊರಹಾಕುತ್ತದೆ, ಹಗುರವಾಗಿರುತ್ತದೆ, ಬಣ್ಣವನ್ನು ಶಾಖದಿಂದ ನೇರವಾಗಿ ಎಳೆಗೇ ಇಳಿಸಬಹುದು. ಆ ಮುದ್ರಣದಲ್ಲಿ ವಿನ್ಯಾಸ ಬದಲಿಸುವುದೆಂದರೆ ಗಣಕದಲ್ಲಿ ಚಿತ್ರ ಬದಲಿಸಿದಷ್ಟೇ ಕೆಲಸ. ಬದಲಾವಣೆ ಸುಲಭವಾದ್ದರಿಂದಲೇ ಅದು ಪದೇಪದೇ ನಡೆಯುತ್ತದೆ. ಪ್ರತಿ ಬದಲಾವಣೆಯೂ ಹಿಂದಿನ ವರ್ಷ ಕೊಂಡ ಅಂಗಿಯನ್ನು ಹಳತಾಗಿಸುತ್ತದೆ. ಅಧಿಕೃತ ಜೆರ್ಸಿ ಕೊಳ್ಳಲಾಗದವನು ಸಂತೆಯಲ್ಲಿ ನಕಲಿ ಕೊಳ್ಳುತ್ತಾನೆ, ನಕಲು ಹೆಚ್ಚಾಯಿತೆಂದು ತಂಡಗಳು ದೂರುತ್ತವೆ. ವರ್ಷಕ್ಕೊಂದು ಅಂಗಿ ಹೊರಡಿಸುವ ನೀತಿಯೇ ಆ ನಕಲಿನ ಮಾರುಕಟ್ಟೆಯನ್ನು ಬೆಳೆಸುತ್ತಿದೆ.

ಮಾಲೀಕರ ಪರವಾದ ವಾದಗಳು ಮೂರು. ಮೊದಲನೆಯದು, ತಂಡ ಖಾಸಗಿ ಆಸ್ತಿ, ದುಡ್ಡು ಹಾಕಿದವರು ತೀರ್ಮಾನಿಸುತ್ತಾರೆ ಎಂಬುದು. ಕಾನೂನಿನ ದೃಷ್ಟಿಯಿಂದ ಇದು ಸರಿ. ಆದರೆ ಆ ಆಸ್ತಿಗೆ ಬೆಲೆ ತಂದವರು ಯಾರೆಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. 2008ರಲ್ಲಿ 11.16 ಕೋಟಿ ಡಾಲರ್‌ಗೆ ಹರಾಜಾದ ಆರ್‌ಸಿಬಿ 2025ರವರೆಗೆ ಐಪಿಎಲ್ ಟ್ರೋಫಿ ಗೆದ್ದಿರಲಿಲ್ಲ. 17 ಆವೃತ್ತಿಗಳ ಕಾಲ ಬರಿಗೈಯಲ್ಲಿದ್ದ ತಂಡದ ಮೌಲ್ಯ ಏರುತ್ತಲೇ ಹೋಗಿದ್ದರಲ್ಲಿ, ಸೋತರೂ ಬಿಡದ ಅಭಿಮಾನಿಗಳ ಪಾಲು ದೊಡ್ಡದು.

ಹೀಗೆ ಪಾಲು ಕೊಟ್ಟವರಿಗೆ ಮಾತಿನ ಹಕ್ಕೂ ಇರಬೇಕೆಂಬ ತತ್ವ ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಕರೆಂಟು ಬಳಸುವವರೇ ಅದರ ಸದಸ್ಯರು, ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ. ಅದೇ ತಾಲ್ಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಬೆಳೆಯುವವರು ಷೇರುದಾರರು. ಜರ್ಮನಿಯ ಫುಟ್‌ಬಾಲ್‌ನಲ್ಲಿ 1998ರಿಂದ ಜಾರಿಯಲ್ಲಿರುವ ‘50+1’ ನಿಯಮದ ಸಾರವೂ ಇದೇ. ಹೂಡಿಕೆದಾರ ಎಷ್ಟೇ ಹಣ ತಂದರೂ ಮತದ ಬಹುಪಾಲು ಕ್ಲಬ್‌ನ ಸದಸ್ಯರ ಕೈಯಲ್ಲಿಯೇ ಉಳಿಯಬೇಕು.

ಎರಡನೆಯ ವಾದ, ಗೆದ್ದರೆ ಎಲ್ಲರೂ ಮರೆಯುತ್ತಾರೆ ಎಂಬುದು. ವೇಲ್ಸ್‌ನ ಕಾರ್ಡಿಫ್ ಸಿಟಿ ಇದನ್ನು ಸುಳ್ಳಾಗಿಸಿದೆ. 2012ರಲ್ಲಿ ಮಾಲೀಕ ವಿನ್ಸೆಂಟ್ ಟಾನ್ ನೀಲಿ ಅಂಗಿಯನ್ನು ಕೆಂಪಾಗಿಸಿದರು. ಮರುವರ್ಷವೇ ತಂಡ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಆದರೂ ಪ್ರತಿಭಟನೆ ನಿಲ್ಲಲಿಲ್ಲ. 2015ರ ಜನವರಿಯಲ್ಲಿ ನೀಲಿ ಮರಳಿತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 2005ರಲ್ಲಿ ರೆಡ್ ಬುಲ್ ಕಂಪನಿ ಕ್ಲಬ್ ಕೊಂಡು ನೇರಳೆ ಬಣ್ಣವನ್ನು ಅಳಿಸಿದಾಗ, ಅಭಿಮಾನಿಗಳು ಬೇರೆ ಕ್ಲಬ್ ಕಟ್ಟಿ ಏಳನೇ ದರ್ಜೆಯಿಂದ ಮತ್ತೆ ಆಟ ಶುರುಮಾಡಿದರು. ಭಾರತದಲ್ಲಿ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಫುಟ್‌ಬಾಲ್ ಕ್ಲಬ್‌ನ ಹೆಸರಿನ ಮುಂದೆ 2020ರಲ್ಲಿ ‘ಎಟಿಕೆ’ ಸೇರಿದಾಗ ಕೋಲ್ಕತ್ತದ ಅಭಿಮಾನಿಗಳು ಅದನ್ನು ತೆಗೆಯುವಂತೆ ಚಳವಳಿ ಹೂಡಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ ಗೆದ್ದ ರಾತ್ರಿಯೇ, ‘ಎಟಿಕೆ’ ತೆಗೆಯುವುದಾಗಿ ಮಾಲೀಕರು ಪ್ರಕಟಿಸಿದರು. ಗೆಲುವು ಆ ಬೇಡಿಕೆಯನ್ನು ಮುಚ್ಚಿಹಾಕಲಿಲ್ಲ. ಬೇಡಿಕೆ ಈಡೇರುವ ಗಳಿಗೆಯನ್ನು ಒದಗಿಸಿತು.

ಮೂರನೆಯ ವಾದ, ಅಭಿಮಾನಿಗಳಲ್ಲೇ ಒಮ್ಮತವಿಲ್ಲ, ಯಾರನ್ನು ಕೇಳುವುದು ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಕಾಲರ್ ಹೇಗಿರಬೇಕು, ತೋಳಿನ ಪಟ್ಟಿ ಎಷ್ಟು ಅಗಲವಿರಬೇಕು ಎಂಬುದಕ್ಕೆಲ್ಲ ಮತದಾನ ಬೇಕಿಲ್ಲ. ಮೂಲ ಗುರುತಿನ ವಿಷಯ ಬೇರೆ. 2025ರ ಜುಲೈನಲ್ಲಿ ಅಂಕಿತ ಪಡೆದ ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಕಾಯ್ದೆ ಇದೇ ವ್ಯತ್ಯಾಸವನ್ನು ಮಾಡಿದೆ. ಲಾಂಛನವನ್ನೋ ತವರಿನ ಅಂಗಿಯ ಬಣ್ಣವನ್ನೋ ಗಣನೀಯವಾಗಿ ಬದಲಿಸಲು ಬಹುಪಾಲು ಅಭಿಮಾನಿಗಳ ಬೆಂಬಲ ಬೇಕು. ಅಭ್ಯಾಸದ ಉಡುಪಿನ ಚಿತ್ತಾರಕ್ಕೆ ಆ ಷರತ್ತಿಲ್ಲ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬಹುದು ಎಂಬುದಕ್ಕೆ ಇದು ಸಿದ್ಧ ಮಾದರಿ.

ಅಂಗಿಯ ಬಣ್ಣ ರಾಜಕೀಯದ ಸರಕಾಗುವ ಅಪಾಯವೂ ಇದೆ. 2019ರ ಜೂನ್ 30ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾರತ ಕ್ರಿಕೆಟ್ ತಂಡ ಕಿತ್ತಳೆ ಸೇರಿದ ಜೆರ್ಸಿ ತೊಟ್ಟಾಗ, 2023ರ ವಿಶ್ವಕಪ್‌ನಲ್ಲಿ ಅಭ್ಯಾಸಕ್ಕೆ ಕಿತ್ತಳೆ ಅಂಗಿ ಬಂದಾಗ, ಅದು ಕೇಸರೀಕರಣವೆಂಬ ಆಕ್ಷೇಪ ಕೇಳಿಬಂತು. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ 2023ರ ಆ ಅಂಗಿಯನ್ನು ಬಹಿರಂಗವಾಗಿ ಟೀಕಿಸಿದರು. ಬಣ್ಣವನ್ನು ಯಾರು, ಯಾವ ಕಾರಣಕ್ಕೆ ಆರಿಸಿದರೆಂಬುದನ್ನು ಮೊದಲೇ ತಿಳಿಸಿದ್ದರೆ ಸಂಶಯಕ್ಕೆ ಎಡೆ ಕಡಿಮೆಯಿರುತ್ತಿತ್ತು. ತೀರ್ಮಾನ ಗುಟ್ಟಾಗಿದ್ದಷ್ಟೂ ಊಹೆಗಳು ಬೆಳೆಯುತ್ತವೆ.

ಬಣ್ಣ ಊರಿನದಾದಾಗ ಏನಾಗುತ್ತದೆ ಎಂಬುದನ್ನು ನೋಡಲು ಹುಕ್ಕೇರಿಯಿಂದ ದೂರ ಹೋಗಬೇಕಿಲ್ಲ. ಗಡಿಯಾಚೆಯ ಕೊಲ್ಹಾಪುರದಲ್ಲಿ ಫುಟ್‌ಬಾಲ್ ತಂಡಗಳು ಕುಸ್ತಿಯ ತಾಲೀಮುಗಳಿಂದ, ಅಂದರೆ ಗರಡಿಮನೆಗಳಿಂದ, ಹುಟ್ಟಿದವು. ಪಾಟಾಕಡೀಲ್ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮುಗಳ ಹೆಸರು ಅಲ್ಲಿ ಪೇಟೆಯ ಹೆಸರಿನಷ್ಟೇ ಪರಿಚಿತ. ಆ ತಂಡಗಳ ಬಣ್ಣವನ್ನು ಓಣಿಯವರೇ ಕಾಯುತ್ತಾರೆ. ದೊಡ್ಡ ಬಂಡವಾಳದ ಕ್ಲಬ್‌ಗಳು ಕಲಿಯಬೇಕಾದ ಪಾಠ ಈ ಓಣಿಗಳಲ್ಲಿದೆ.

ಭಾಷೆಯ ಪ್ರಶ್ನೆ ಕೊನೆಯದಾದರೂ ಕಿರಿದಲ್ಲ. ವಿ.ಕೃ. ಗೋಕಾಕ್ ಅವರ ವರದಿಯ ಜಾರಿಗಾಗಿ 1982ರಲ್ಲಿ ನಾಡಿನಾದ್ಯಂತ ನಡೆದ ಚಳವಳಿ, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು. ಮೂಡಲಗಿಯ ಜನ ತಮ್ಮ ಊರು ತಾಲ್ಲೂಕಾಗಲೆಂದು ವರ್ಷಗಟ್ಟಲೆ ಹೋರಾಡಿ ಗೆದ್ದರು. ಫಲಕದ ಮೇಲಿನ ಹೆಸರಿಗೆ ಎಷ್ಟು ತೂಕವಿದೆಯೆಂದು ಇಂಥ ನಾಡಿಗೆ ಚೆನ್ನಾಗಿ ಗೊತ್ತು. 2024ರ ಕೊನೆಯಲ್ಲಿ ಆರ್‌ಸಿಬಿ ಹಿಂದಿ ಖಾತೆ ತೆರೆದಾಗ ಎದ್ದ ವಿರೋಧವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಆಟಗಾರ ಮೈದಾನಕ್ಕಿಳಿದು ಬೆವರು ಹರಿಸುವ ಅಭ್ಯಾಸದ ಅಂಗಿಯ ಮೇಲೆ ತಂಡದ ಹೆಸರು ಕನ್ನಡ ಲಿಪಿಯಲ್ಲಿ ಎದ್ದು ಕಾಣಬೇಕೆಂಬ ಬೇಡಿಕೆ ನ್ಯಾಯವಾದದ್ದು, ಖರ್ಚಿಲ್ಲದ್ದು. ಪ್ರಾಯೋಜಕರ ಹೆಸರಿಗೆ ಎದೆಯ ಮೇಲೆ ಜಾಗವಿರುವಾಗ ನಾಡಿನ ಲಿಪಿಗೆ ಇಲ್ಲವೆನ್ನಲಾಗದು.

ಕಾಲವೂ ಈ ಚರ್ಚೆಯನ್ನು ತುರ್ತಾಗಿಸಿದೆ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಐಪಿಎಲ್ ಟ್ರೋಫಿ ಗೆದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿ, ಆರ್‌ಸಿಬಿಯಲ್ಲಿದ್ದ ತನ್ನ ಹೂಡಿಕೆಯನ್ನು ಮರುಪರಿಶೀಲಿಸುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿತು. ತಂಡ ಕೈ ಬದಲಾದಾಗ ಅಂಗಿಯೂ ಬದಲಾಗಬಹುದು. ಡೆಲ್ಲಿ ಡೇರ್‌ಡೆವಿಲ್ಸ್ 2018ರಲ್ಲಿ ಕ್ಯಾಪಿಟಲ್ಸ್ ಆದದ್ದು, ಕಿಂಗ್ಸ್ ಇಲೆವೆನ್ 2021ರಲ್ಲಿ ಪಂಜಾಬ್ ಕಿಂಗ್ಸ್ ಆದದ್ದು ಮಾಲೀಕರ ಮಾತಿನಿಂದಲೇ.

ಆದ್ದರಿಂದ ರಾಜ್ಯದ ತಂಡಗಳನ್ನು ನಡೆಸುವ ಯಾರೇ ಆಗಲಿ, ನಾಲ್ಕು ಮಾತುಗಳನ್ನು ಬರೆದುಕೊಡಬೇಕು. ಹೆಸರು, ಮೂಲ ಬಣ್ಣ, ಲಾಂಛನಗಳನ್ನು ಅಭಿಮಾನಿಗಳ ಬಹುಮತವಿಲ್ಲದೆ ಮುಟ್ಟುವುದಿಲ್ಲ. ಒಮ್ಮೆ ಹೊರಡಿಸಿದ ಜೆರ್ಸಿಯನ್ನು ಕನಿಷ್ಠ ಎರಡು ವರ್ಷ ಉಳಿಸಿಕೊಳ್ಳುತ್ತೇವೆ. ದುಡಿಯುವ ಮನೆಯ ಮಗು ಕೊಳ್ಳಬಹುದಾದ ಬೆಲೆಯಲ್ಲಿ ಒಂದು ಅಧಿಕೃತ ಅಂಗಿಯನ್ನು ಜಿಲ್ಲೆ, ತಾಲ್ಲೂಕುಗಳ ಅಂಗಡಿಗೂ ತಲುಪಿಸುತ್ತೇವೆ. ಅಭ್ಯಾಸದ ಉಡುಪಿನ ಮೇಲೆ ಕನ್ನಡಕ್ಕೆ ಜಾಗ ಕೊಡುತ್ತೇವೆ. ಈ ಬರಹಕ್ಕೆ ಸಹಿ ಬೀಳುವ ದಿನ ಗೋಕಾಕದ ಹುಡುಗ ತೊಟ್ಟ ಅಂಗಿ ಕಂಪನಿಯ ಸರಕಾಗಿರುವುದಿಲ್ಲ, ಅವನದಾಗಿರುತ್ತದೆ.