ಡಬ್ಬಾ ಅಲ್ಲ, ಡಿಸ್ಕ್ ತುಂಬಿದೆ ಅಷ್ಟೇ

ಕಳೆದ ಮಳೆಗಾಲದ ಒಂದು ಸಂಜೆ ಬೋರಾ ಬಝಾರಿನ ಒಂದು ಮಾಳಿಗೆಯಲ್ಲಿ ಕೂತಿದ್ದೆ. ಫೋರ್ಟಿನ ಪರಿಚಯ ಇಲ್ಲದವರಿಗೆ ಹೇಳುತ್ತೇನೆ: ವಿ.ಟಿ. ಸ್ಟೇಷನ್ನಿನಿಂದ ಹೊರಬಿದ್ದು ರಸ್ತೆ ದಾಟಿ ಒಳಗೆ ನಡೆದರೆ ಸಿಗುವ ಗಲ್ಲಿ ಇದು. ಸ್ಟೇಷನ್ನಿನ ಹೆಸರು ಬದಲಾಗಿ ಕಾಲವಾಯಿತು, ನಮ್ಮ ಬಾಯಿ ಬದಲಾಗಿಲ್ಲ. ಅಲ್ಲಿ ಮರದ ಏಣಿ ಹತ್ತಿದರೆ ನಮ್ಮ ಕಡೆಯವರೊಬ್ಬರ ಡಿಟಿಪಿ ಅಂಗಡಿ. ಅಂಗಡಿ ಅಂದರೆ ಎರಡು ಮೇಜು, ಒಂದು ಪ್ರಿಂಟರ್, ಒಂದು ಫ್ಯಾನು, ಒಂದು ಕಂಪ್ಯೂಟರ್. ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಮದುವೆ ಕಾಗದ, ಉತ್ತರಕ್ರಿಯೆಯ ಕಾರ್ಡು ಎಲ್ಲ ಇಲ್ಲೇ ತಯಾರಾಗಿ ಮುದ್ರಣಕ್ಕೆ ಹೋಗಿವೆ. ನಾನು ಹಗಲು ಬ್ಯಾಂಕಿನಲ್ಲಿ, ರಾತ್ರಿ ಕನ್ನಡ ಶಾಲೆಯಲ್ಲಿ ಇದ್ದ ಕಾಲದಿಂದ ಈ ಏಣಿ ಹತ್ತುತ್ತಿದ್ದೇನೆ. ಅಂಗಡಿಯ ಅಣ್ಣ ನನ್ನನ್ನು ಇವತ್ತಿಗೂ "ಮಾಷ್ಟ್ರೇ" ಎಂದೇ ಕರೆಯುವುದು.

ಆ ಸಂಜೆ ಅಣ್ಣನ ಮುಖ ಸಣ್ಣಗಾಗಿತ್ತು. ಕಂಪ್ಯೂಟರ್ ಶುರುವಾಗಲು ಒಂದು ಚಾ ಕುಡಿದು ಮುಗಿಸುವಷ್ಟು ಹೊತ್ತು. ಸೇವ್ ಕೊಟ್ಟರೆ ಜಾಗ ಇಲ್ಲ ಎಂಬ ಉತ್ತರ. ರಿಪೇರಿಗೆ ಬಂದ ಹುಡುಗ ಡಬ್ಬಿ ಬಿಚ್ಚಿಯೂ ನೋಡಲಿಲ್ಲ. ನಿಂತಲ್ಲಿಂದಲೇ ತೀರ್ಪು ಕೊಟ್ಟ: "ಅಂಕಲ್, ಯೇ ತೋ ಡಬ್ಬಾ ಹೈ. ನಯಾ ಲೇ ಲೋ." ಹಳೆಯದಕ್ಕೆ ಐನೂರು ರೂಪಾಯಿ ಕೊಡಿಸುತ್ತೇನೆ ಎಂದೂ ಸೇರಿಸಿದ. ಅಣ್ಣ ನನ್ನ ಕಡೆ ತಿರುಗಿ, "ಕೊಟ್ಟುಬಿಡುವುದಾ ಮಾಷ್ಟ್ರೇ?" ಎಂದರು.

ಈ ಪ್ರಬಂಧ ಆ ಪ್ರಶ್ನೆಗೆ ಉತ್ತರ. ಕೊಡಬೇಡಿ. ನೀವೂ ಕೊಡಬೇಡಿ. ನಿಮ್ಮ ಸಂಘದ ಆಫೀಸಿನ ಮೂಲೆಯಲ್ಲಿರುವುದನ್ನೂ ಕೊಡಬೇಡಿ.

ಮೊದಲು ಕಾಯಿಲೆ ಏನು ಎಂದು ನೋಡೋಣ. ಆ ಯಂತ್ರ 2008ರದ್ದು. ಒಳಗೆ 160 ಜಿಬಿಯ ಹಾರ್ಡ್ ಡಿಸ್ಕ್, ಅದರಲ್ಲಿ ಉಳಿದ ಜಾಗ ಎರಡು ಜಿಬಿಗೂ ಕಮ್ಮಿ. ವಿಂಡೋಸ್‌ಗೆ ಉಸಿರಾಡಲು ಡಿಸ್ಕಿನಲ್ಲಿ ಖಾಲಿ ಜಾಗ ಬೇಕು. ಮೆಮೊರಿ ಸಾಲದಾದಾಗ ಅದು ಡಿಸ್ಕನ್ನೇ ಮೆಮೊರಿಯ ಹಾಗೆ ಬಳಸುತ್ತದೆ. ಜಾಗ ಮುಗಿದರೆ ಕಡತಗಳು ಚೂರುಚೂರಾಗಿ ಅಲ್ಲಲ್ಲಿ ಕೂರುತ್ತವೆ, ಓದುವ ಮುಳ್ಳು ಅತ್ತಿಂದಿತ್ತ ಓಡುತ್ತಲೇ ಇರುತ್ತದೆ. ಜೊತೆಗೆ ಇನ್ನೊಂದು ಮಾತು. ಫ್ಯಾನು ಮತ್ತು ಸಿಡಿ ಡ್ರೈವ್ ಬಿಟ್ಟರೆ ಕಂಪ್ಯೂಟರಿನಲ್ಲಿ ತಿರುಗುವ ಭಾಗ ಹಾರ್ಡ್ ಡಿಸ್ಕ್ ಒಂದೇ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಇಷ್ಟು ವರ್ಷ ತಿರುಗಿದ್ದು ಸವೆಯದೆ ಏನು ಮಾಡೀತು? ಸವೆದದ್ದು, ತುಂಬಿದ್ದು ಡಿಸ್ಕ್. ಪ್ರೊಸೆಸರ್ ಸವೆದಿಲ್ಲ, ಕೀಬೋರ್ಡ್ ಸವೆದಿಲ್ಲ, ಅಣ್ಣನ ಕೈ ಅಂತೂ ಸವೆದೇ ಇಲ್ಲ. ಚಪ್ಪಲಿಯ ಬಾರು ಹರಿದರೆ ಕಾಲು ಕತ್ತರಿಸಿ ಎನ್ನುವವನನ್ನು ನಾವು ಡಾಕ್ಟರ್ ಎನ್ನುವುದಿಲ್ಲ. ಇಲ್ಲಿ ಮಾತ್ರ ಅವನಿಗೆ ವಿಸಿಟಿಂಗ್ ಫೀಸೂ ಕೊಡುತ್ತೇವೆ.

ಡಿಸ್ಕ್ ಯಾವುದರಿಂದ ತುಂಬಿತು ಎಂದು ಅವತ್ತೇ ಲೆಕ್ಕ ಹಾಕಿದೆವು. ಕನ್ನಡದಿಂದ ತುಂಬಿರಲಿಲ್ಲ. ಅಷ್ಟು ವರ್ಷಗಳ ಲೇಖನ, ಕವಿತೆ, ವರದಿ, ವಂಶಾವಳಿ, ಸದಸ್ಯರ ವಿಳಾಸ ಎಲ್ಲ ಸೇರಿಸಿದರೂ ಒಂದು ಜಿಬಿ ಆಗಲಿಲ್ಲ. ಉಳಿದದ್ದೆಲ್ಲ ಫೋಟೋ. ಫೋಟೋಗಳಲ್ಲಿ ಬಹುಪಾಲು ಶಾಲು ಹೊದೆಸುವುದು. ಅಧ್ಯಕ್ಷರು ಅತಿಥಿಗೆ, ಅತಿಥಿ ಅಧ್ಯಕ್ಷರಿಗೆ, ಇಬ್ಬರೂ ಸೇರಿ ದಾನಿಗೆ. ಈ ಶಾಲುಗಳ ಅಡಿಯಲ್ಲಿ ಸಿಕ್ಕಿ ಮುಂಬಯಿ ಕನ್ನಡದ ಒಂದು ಜಿಬಿ ಉಸಿರುಗಟ್ಟಿ ಕೂತಿತ್ತು.

ಅಣ್ಣನಿಗೆ ಹೊಸ ಕಂಪ್ಯೂಟರ್ ಕೊಂಡು ಕಡತಗಳನ್ನು ಅದಕ್ಕೆ ದಾಟಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಜಗಳ ಶುರುವಾಗುವುದೇ ಇಲ್ಲಿ.

ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂತು, ಅದರಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೆ ನಮ್ಮ ಡಿಟಿಪಿಯವರ ಕೈಗೆ ಅದು ತಲುಪಲು ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ಅವರು ದುಡಿದದ್ದು ಶ್ರೀಲಿಪಿ, ಆಕೃತಿ, ಐಎಸ್ಎಂ, ಬರಹ, ನುಡಿಗಳಲ್ಲಿ. ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರ್ ಬರೆದಿಟ್ಟದ್ದು ಕನ್ನಡ ಅಕ್ಷರವನ್ನಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ಅವಕ್ಕೆ ಕನ್ನಡದ ರೂಪ ತೊಡಿಸುತ್ತಿದ್ದದ್ದು ಫಾಂಟ್. ಒಂದು ಕಂಪನಿಯ ಕ್ರಮ ಇನ್ನೊಂದು ಕಂಪನಿಗೆ ಆಗುತ್ತಿರಲಿಲ್ಲ. ಫಾಂಟ್ ಕಳೆದರೆ ನಿಮ್ಮ ಅಜ್ಜನ ಚರಿತ್ರೆ ಪ್ರಶ್ನಾರ್ಥಕ ಚಿಹ್ನೆ, ಆವರಣ, ಚುಕ್ಕಿಗಳ ರಾಶಿ. ಅದನ್ನು ಹುಡುಕಲೂ ಆಗುವುದಿಲ್ಲ, ಓದಲೂ ಆಗುವುದಿಲ್ಲ.

ಇದರ ಮೇಲೆ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿಯಾದ ಏಳನೆಯದು ಬಂದದ್ದು 2001ರಲ್ಲಿ. ಇಂದಿನ ಇನ್‌ಡಿಸೈನ್ ಆ ಕಡತಗಳನ್ನು ನೇರವಾಗಿ ತೆರೆಯುವುದಿಲ್ಲ. ಅದರ ಮೇಲೆ ಡಾಂಗಲ್. ದುಬಾರಿ ಕನ್ನಡ ತಂತ್ರಾಂಶ ನಕಲಾಗಬಾರದೆಂದು ಹಿಂದೆ ಒಂದು ಪುಟ್ಟ ಬೀಗ ಕೊಡುತ್ತಿದ್ದರು. ಅಣ್ಣನದು ಪ್ರಿಂಟರಿನ ಅಗಲ ಪೋರ್ಟಿಗೆ ಸಿಕ್ಕಿಸುವಂಥದ್ದು. ಇವತ್ತು ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪಿಗೆ ಆ ಪೋರ್ಟೇ ಇಲ್ಲ. ಹಳೆಯ ಯಂತ್ರ ಗುಜರಿಗೆ ಹೋದರೆ ಅಣ್ಣನ ಕೈಯಲ್ಲಿ ಬೀಗದ ಕೈ ಇರುತ್ತದೆ, ಬಾಗಿಲು ಇರುವುದಿಲ್ಲ.

ಆದ್ದರಿಂದ ಆ ಐನೂರು ರೂಪಾಯಿಯ ಡಬ್ಬಾ ಈ ಕಡತಗಳನ್ನು ಓದಬಲ್ಲ ಕಣ್ಣು. ಕಡತ ಮಾತ್ರ ಉಳಿಸಿ ಕಣ್ಣು ಮಾರಿದರೆ ಏನು ಉಳಿಸಿದ ಹಾಗಾಯಿತು?

ಇದೇ ಗಲ್ಲಿಯಿಂದ ಹತ್ತು ಹೆಜ್ಜೆ ಹೆಚ್ಚು ನಡೆದರೆ ಹಾರ್ನಿಮನ್ ಸರ್ಕಲ್. ಅಲ್ಲಿ 1822ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಗುಜರಾತಿ ಪತ್ರಿಕೆ ಮುಂಬಯಿ ಸಮಾಚಾರ್‌ನ ಕಚೇರಿ ಇದೆ. ಎದುರಿಗೆ 1833ರ ಟೌನ್ ಹಾಲ್, ಅದರೊಳಗೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ. ಇಟಲಿಯ ಕವಿ ದಾಂತೆಯ ಮಹಾಕಾವ್ಯದ ಶತಮಾನಗಳಷ್ಟು ಹಳೆಯ ಹಸ್ತಪ್ರತಿ ಆ ಮೆಟ್ಟಿಲುಗಳ ಮೇಲೆ ಭದ್ರವಾಗಿದೆ. ಯಾರದೋ ಊರಿನ, ಯಾರದೋ ಭಾಷೆಯ ಕಾಗದವನ್ನು ಕಾಪಾಡಿದ ಫೋರ್ಟಿನಲ್ಲೇ, ಹೋಟೆಲಿನಲ್ಲಿ ಕಪ್ಪು ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮವರು ಬರೆದದ್ದು ಹದಿನೈದು ವರ್ಷ ಬಾಳುವುದಿಲ್ಲ ಎಂದರೆ ನಾಚಿಕೆ ಯಾರಿಗಾಗಬೇಕು? ನಾಳೆ ಕಲಿನಾದ ವಿಶ್ವವಿದ್ಯಾಲಯದಲ್ಲಿ ಮುಂಬಯಿ ಕನ್ನಡಿಗರ ಬಗ್ಗೆ ಸಂಶೋಧನೆಗೆ ಕೂರುವ ಹುಡುಗಿ ನಮ್ಮನ್ನು ಕೇಳುವುದು ಸ್ಮರಣ ಸಂಚಿಕೆಗಳನ್ನೇ. ಶಾಲಿನ ಫೋಟೋಗಳನ್ನಲ್ಲ.

ಈಗ ಎದುರಾಳಿಗಳ ವಿಚಾರ. ಮೊದಲನೆಯವರು ಕಂಪನಿಗಳು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು, ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದು ಇರಬೇಕು. ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಯಂತ್ರಗಳು ಒಂದು ತಾರೀಖಿನಿಂದ ಮುದಿಯಾದವು. ಯಂತ್ರ ಕೆಟ್ಟಿರಲಿಲ್ಲ, ಕ್ಯಾಲೆಂಡರ್ ತಿರುಗಿತ್ತು. ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಉಪಾಯ: ಮೆಮೊರಿಯನ್ನು, ಕೆಲವದರಲ್ಲಿ ಡಿಸ್ಕಿನ ಜಾಗದ ಚಿಪ್ಪನ್ನೂ, ಬೋರ್ಡಿಗೇ ಬೆಸುಗೆ ಹಾಕಿಬಿಡುವುದು. ತುಂಬಿತೋ, ದೊಡ್ಡದು ಹಾಕುವ ಮಾತೇ ಇಲ್ಲ. ದುರಸ್ತಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಬೆಸುಗೆ ಹಾಕಿದ್ದನ್ನು ಪೋರ್ಟಲ್ ಬಿಚ್ಚಿಕೊಡುವುದಿಲ್ಲ. ಕೊಳ್ಳುವಾಗಲೇ "ಡಿಸ್ಕ್ ಬದಲಿಸಬಹುದಾ?" ಎಂದು ಕೇಳಬೇಕಾದವರು ನಾವು.

ಎರಡನೆಯವರು ಕ್ಲೌಡ್ ಭಕ್ತರು. ಗೂಗಲ್ಲಿಗೆ ಹಾಕಿ, ಮುಗಿಯಿತು ಎನ್ನುತ್ತಾರೆ. ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಪುಕ್ಕಟೆ ಸಿಗುವುದು 15 ಜಿಬಿ. ಖಾತೆ ಯಾರ ಹೆಸರಿನಲ್ಲಿ? ಕಾರ್ಯದರ್ಶಿಯ ಹೆಸರಿನಲ್ಲಿ. ಕಾರ್ಯದರ್ಶಿ ಬದಲಾದ, ಪಾಸ್‌ವರ್ಡ್ ಅವನ ಜೊತೆ ಹೋಯಿತು. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ನಿಯಮ ಗೂಗಲ್ಲಿನಲ್ಲಿದೆ. ನಮ್ಮ ಸಮಿತಿಗಳು ಎಷ್ಟು ಚುರುಕು ಎಂಬುದು ನಿಮಗೆ ಗೊತ್ತೇ ಇದೆ.

ಮೂರನೆಯವರು ನಾವೇ. ವಾರ್ಷಿಕೋತ್ಸವಕ್ಕೆ ಸಭಾಗೃಹ, ಊಟ, ಶಾಲು, ಹಣ್ಣಿನ ಬುಟ್ಟಿ, ಫೈಬರಿನ ಸ್ಮರಣಿಕೆ ಎಲ್ಲಕ್ಕೂ ದಾನಿಗಳು ಸಿಗುತ್ತಾರೆ. ಹಾರ್ಡ್ ಡಿಸ್ಕಿಗೆ ದಾನಿ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಅದರ ಮೇಲೆ ಹೆಸರು ಬರೆಸಲು ಆಗುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಎದುರಾಳಿಗಳ ಮಾತಿನಲ್ಲಿ ನಿಜವೂ ಇದೆ, ಮುಚ್ಚಿಡುವುದು ಬೇಡ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಅಂಥ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಬಾಗಿಲು ತೆರೆದಿಟ್ಟು ಊರಿಗೆ ಹೋದಂತೆ. ಅಣ್ಣನ ಯಂತ್ರದ ನೆಟ್ಟಿನ ವೈರನ್ನು ನಾವು ಕಿತ್ತೇ ಹಾಕಿದ್ದೇವೆ. ಮೇಲ್, ಬ್ಯಾಂಕು, ಜಿಎಸ್‌ಟಿ ಎಲ್ಲ ಬೇರೆ ಯಂತ್ರದಲ್ಲಿ. ಇನ್ನೊಂದು ನಿಜ: ದೊಡ್ಡ ಡಿಸ್ಕ್ ಎಂದರೆ ದೊಡ್ಡ ಭದ್ರತೆ ಅಲ್ಲ. 160 ಜಿಬಿ ಕೆಟ್ಟರೆ 160 ಹೋಗುತ್ತದೆ, ಎರಡು ಟಿಬಿ ಕೆಟ್ಟರೆ ಎರಡೂ ಹೋಗುತ್ತದೆ. ಅದಕ್ಕೇ ನನ್ನ ಹಟ: ಒಂದು ದೊಡ್ಡದರ ಬದಲು ಎರಡು ಮಧ್ಯಮದ್ದು ಕೊಳ್ಳಿ. ಒಂದು ಯಂತ್ರದೊಳಗೆ, ಇನ್ನೊಂದು ಬೇರೆ ಮನೆಯಲ್ಲಿ. ಬೇರೆ ಕಪಾಟಿನಲ್ಲಿ ಅಲ್ಲ, ಬೇರೆ ಮನೆಯಲ್ಲಿ. ಮುಂಬಯಿ ಮಳೆಯ ನೀರು ಕಪಾಟುಗಳ ನಡುವೆ ಭೇದ ಮಾಡುವುದಿಲ್ಲ.

ನಾವು ಮಾಡಿದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಲ್ಯಾಮಿಂಗ್ಟನ್ ರೋಡಿನಲ್ಲಿ 500 ಜಿಬಿಯ ಎರಡು ಸಾಟಾ ಡಿಸ್ಕ್ ತಂದೆವು. ಹಳೆಯ ಯಂತ್ರಕ್ಕೆ ಎಷ್ಟು ದೊಡ್ಡದು ಹಿಡಿಯುತ್ತದೆ ಎಂಬುದಕ್ಕೆ ಮಿತಿಗಳಿವೆ. ತೀರಾ ಹಳೆಯ ಬೋರ್ಡುಗಳು 137 ಜಿಬಿ ದಾಟಿದ್ದನ್ನು ಗುರುತಿಸುವುದಿಲ್ಲ. ಎಕ್ಸ್‌ಪಿಯಲ್ಲೂ ಮೊದಲ ಸರ್ವಿಸ್ ಪ್ಯಾಕ್ ಹಾಕಿರದಿದ್ದರೆ ಅದೇ ಕಥೆ. ಹಳೆಯ ಪದ್ಧತಿಯ ವಿಭಜನೆಯಲ್ಲಿ ಎರಡು ಟಿಬಿಯ ಆಚೆಗೆ ದಾರಿ ಇಲ್ಲ. 500 ನಮಗೆ ಸುರಕ್ಷಿತ ಅಳತೆ. ಮೊದಲ ಕೆಲಸ, ಹಳೆಯ ಡಿಸ್ಕಿಗೆ ಡಿಫ್ರ್ಯಾಗ್, ಕ್ಲೀನಪ್ ಎಂದು ಏನನ್ನೂ ಮಾಡದೆ ಇದ್ದದ್ದು ಇದ್ದ ಹಾಗೆ ಪ್ರತಿ ತೆಗೆಯುವುದು. ಸಾಯುತ್ತಿರುವ ಡಿಸ್ಕಿನಿಂದ ಹೆಚ್ಚು ಕೆಲಸ ಮಾಡಿಸಬಾರದು. ಬರೀ ಫೋಲ್ಡರುಗಳನ್ನು ಎಳೆದು ಹಾಕಿದರೆ ವಿಂಡೋಸ್, ಫಾಂಟು, ಪೇಜ್‌ಮೇಕರ್ ಬರುವುದಿಲ್ಲ. ಇಡೀ ಡಿಸ್ಕನ್ನು ಕ್ಲೋನ್ ಮಾಡಬೇಕು. ಕ್ಲೋನ್ ಆದ ಮೇಲೆ ಹೊಸ ಡಿಸ್ಕಿನ ಉಳಿದ ಜಾಗವನ್ನು ಸೇರಿಸಿ ವಿಭಾಗವನ್ನು ಹಿಗ್ಗಿಸಬೇಕು, ಇಲ್ಲದಿದ್ದರೆ 500 ಹಾಕಿಯೂ 160 ಮಾತ್ರ ಕಾಣುತ್ತದೆ. ಬೋರ್ಡಿನ ನಾಣ್ಯದಂಥ ಸೆಲ್ಲನ್ನೂ ಬದಲಿಸಿದೆವು, ಗಡಿಯಾರ ಸರಿಯಾಯಿತು. ಹಳೆಯ ಡಿಸ್ಕನ್ನು ಅಳಿಸದೆ, ತಾರೀಖು ಬರೆದು ಡಬ್ಬಿಯಲ್ಲಿ ಇಟ್ಟೆವು. ಎಲ್ಲ ಸೇರಿ ಒಂದು ಭಾನುವಾರ ಮತ್ತು ಎರಡು ಸನ್ಮಾನಗಳ ಖರ್ಚು.

ನಿಮ್ಮದು ಐದಾರು ವರ್ಷ ಹಳೆಯ ಲ್ಯಾಪ್‌ಟಾಪ್ ಆಗಿದ್ದು, ತಿರುಗುವ ಡಿಸ್ಕ್ ಇದ್ದರೆ, ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿ ನೋಡಿ. ಅದರಲ್ಲಿ ತಿರುಗುವುದು ಏನೂ ಇಲ್ಲ. ಹಳೆಯ ಯಂತ್ರಕ್ಕೆ ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಚುರುಕು ತರುವ ರಿಪೇರಿ ನನಗೆ ಬೇರೆ ಗೊತ್ತಿಲ್ಲ. ವಿಂಡೋಸ್ 11 ಬೇಡ ಎಂದರೆ ಲಿನಕ್ಸ್ ಇದೆ, ಅದರಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ.

ಮುಂದಿನ ಕೆಲಸ ಇನ್ನೂ ಇದೆ. ಡಿಸ್ಕ್ ಬದಲಿಸಿದ್ದರಿಂದ ನಮಗೆ ಸಿಕ್ಕಿದ್ದು ಸಮಯ, ಮೋಕ್ಷ ಅಲ್ಲ. ಈಗ ಅಣ್ಣ ದಿನಕ್ಕೆ ಒಂದು ಸಂಚಿಕೆಯಂತೆ ತೆರೆದು ಪಿಡಿಎಫ್ ಮಾಡುತ್ತಿದ್ದಾರೆ. ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇವೆ. ಒತ್ತಕ್ಷರ, ಅರ್ಕಾವತ್ತು ತಪ್ಪಿದ್ದನ್ನು ತಿದ್ದಲು ನಾನು ಸಂಜೆ ಕೂರುತ್ತೇನೆ. ಹೊಸ ಯಂತ್ರ ಬೇಕೇ ಬೇಕಾದ ದಿನ ಬರುತ್ತದೆ. ಆ ದಿನ ಹಳೆಯದರಲ್ಲಿ ಉಳಿಸಬೇಕಾದದ್ದು ಏನೂ ಇರಬಾರದು. ಅಲ್ಲಿಯವರೆಗೆ ಅದು ನಡೆಯಬೇಕು.

ನಿಮ್ಮ ಸಂಘದ ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿಸಲು ಹೇಳಿ: ಕಚೇರಿಯ ಕಂಪ್ಯೂಟರಿಗೆ ಹೊಸ ಡಿಸ್ಕ್, ಎರಡು ಪ್ರತಿ, ಎರಡು ಮನೆ. ಯಾರಾದರೂ ಎದ್ದು ಇದು ದಂಡದ ಖರ್ಚು ಎಂದರೆ, 2009ರ ಸ್ಮರಣ ಸಂಚಿಕೆಯಲ್ಲಿ ಬಂದ ಅವರ ತಂದೆಯ ಬಗೆಗಿನ ಲೇಖನವನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿ ಎನ್ನಿ.

ಆ ರಿಪೇರಿ ಹುಡುಗ ಹೋದ ವಾರ ಮತ್ತೆ ಏಣಿ ಹತ್ತಿ ಬಂದಿದ್ದನಂತೆ, ಹೊಸದು ಕೊಂಡಿರಾ ಎಂದು ಕೇಳಲು. ಅಣ್ಣ ಅವನಿಗೆ ಚಾ ತರಿಸಿದರು. ಚಾ ಬರುವುದರೊಳಗೆ ಕಂಪ್ಯೂಟರ್ ಶುರುವಾಗಿತ್ತು.