ಬೊಂಬಾಟ್ ಅನ್ನೋ ಒಂದ ಮಾತು

ಈ ಸಲ ಸ್ವಲ್ಪ ಸಿಟ್ಟಿನ್ಯಾಗ ಬರಿಯಾಕ ಕುಂತೀನಿ. ಬರದು ಮುಗಿಸೂದ್ರಾಗ ಸಿಟ್ಟು ಇಳಿದ್ರ ಚಲೋ.

ಹೋದ ವಾರ ಮಧ್ಯಾಹ್ನ ನಮ್ಮನಿಯವರು ಹೊಲದಿಂದ ಬಂದು ಊಟಕ್ಕ ಕುಂತಿದ್ರು. ಟಿವ್ಹಿಯೊಳಗ ‘ಬೊಂಬಾಟ್ ಭೋಜನ’ ನಡದಿತ್ತು. ಸಿಹಿಕಹಿ ಚಂದ್ರು ಅವರು ಅಡಗಿ ಮಾಡಾಕತ್ತಿದ್ರು. ಅದನ್ನ ನೋಡಿ ಇವರು, “ಗಂಡಸಾಗಿ ಎಷ್ಟು ಚಂದ ಅಡಗಿ ಮಾಡ್ತಾರ ನೋಡು” ಅಂದ್ರು. ನನ್ನ ಕೈಯಾಗ ಆಗಷ್ಟ ಹಂಚಿನ ಮ್ಯಾಲಿಂದ ತಗದ ಬಿಸಿ ರೊಟ್ಟಿ ಇತ್ತು. ನಾ ಈ ಮನಿಗೆ ಸೊಸಿಯಾಗಿ ಬಂದು ಮೂವತ್ತೊಂದ ವರ್ಷ ಆತು. ಇಷ್ಟು ವರ್ಷದಾಗ ಒಮ್ಮೆರ “ಚಂದ ಆಗೇತಿ” ಅಂದಿದ್ದು ನೆನಪಿಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ ತಪ್ಪದ ಹೇಳ್ಯಾರ.

ಎರಡು ದಿನ ನನಗ ಆ ಕಾರ್ಯಕ್ರಮದ ಮ್ಯಾಲೇ ಸಿಟ್ಟು. ಆಮ್ಯಾಲ ವಿಚಾರ ಮಾಡಿದೆ, ಪಾಪ, ಚಂದ್ರು ಅವರದೇನು ತಪ್ಪು? ಅವರ ಹೆಸರಿಗೇ ಒಂದು ಕಥಿ ಐತಿ. ಎಂಬತ್ತರ ದಶಕದಾಗ ದೂರದರ್ಶನದೊಳಗ ‘ಸಿಹಿಕಹಿ’ ಅಂತ ಧಾರಾವಾಹಿ ಬರತಿತ್ತು. ಅದರಾಗ ಚಂದ್ರು, ಗೀತಾ ಇಬ್ಬರೂ ಪಾರ್ಟ ಮಾಡಿದ್ರು. ಮುಂದ ಇಬ್ಬರೂ ಮದಿವಿ ಆದ್ರು. ಧಾರಾವಾಹಿ ಹೆಸರು ಇಬ್ಬರಿಗೂ ಮನೆತನದ ಹೆಸರಿನಂಗ ಅಂಟಿಕೊಂತು. ಅವರು ಸಿಹಿಕಹಿ ಚಂದ್ರು, ಇವರು ಸಿಹಿಕಹಿ ಗೀತಾ. ಮಗಳು ಹಿತಾನೂ ಸಿನಿಮಾ ನಟಿ. ನಾವೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕ ‘ಪಾಪ ಪಾಂಡು’ ಮಾಡಿದವರೂ ಚಂದ್ರು ಅವರ. ಸ್ಟಾರ್ ಸುವರ್ಣದಾಗ 2020ರಿಂದ ಈ ಅಡಗಿ ಸುರು ಆತು. ಅಂದ್ರ ಮೂವತ್ತು ವರ್ಷಕ್ಕೂ ಹೆಚ್ಚು ಜನರನ್ನ ನಗಸಿದ ಮ್ಯಾಲ ಉಣಸಾಕ ನಿಂತವರು. ನಕ್ಕೋಂತ, ಮಾತಾಡಕೋಂತ, ಎಷ್ಟು ಚಮಚ, ಎಷ್ಟು ಬಟ್ಟಲ ಅಂತ ಬಿಡಿಸಿ ಹೇಳ್ತಾರ. ಕಲಿಯೋರಿಗೆ ಅದು ಛಲೋನ ಐತಿ.

ಗಂಡಸರು ಒಲಿ ಮುಂದ ನಿಲ್ಲೂದು ಟಿವ್ಹಿಗೆ ಹೊಸಾದಲ್ಲ. ಸಂಜೀವ ಕಪೂರ್ ಅವರ ‘ಖಾನಾ ಖಜಾನಾ’ ಝೀ ಟಿವ್ಹಿಯೊಳಗ ಸುರು ಆಗಿದ್ದು 1993ರಾಗ. ಅವರು ಹೋಟೆಲ್ ವಿದ್ಯಾ ಕಲತು, ದೊಡ್ಡ ಹೋಟೆಲಿನ ಅಡಗಿಮನಿಯಿಂದ ಟಿವ್ಹಿಗೆ ಬಂದವರು. ಇನ್ನ ತರಲಾ ದಲಾಲ್ ಅವರನ್ನ ನೋಡ್ರಿ. ಪುಣೆದಾಗ ಹುಟ್ಟಿ, ಮದಿವಿಯಾಗಿ ಮುಂಬೈಗೆ ಬಂದ ಗೃಹಿಣಿ, ಮೂರು ಮಕ್ಕಳ ತಾಯಿ. 1966ರಾಗ ಮನ್ಯಾಗ ಅಡಗಿ ಕ್ಲಾಸು ಸುರು ಮಾಡಿದ್ರು. 1974ರಾಗ ಮೊದಲನೇ ಪುಸ್ತಕ ಬಂತು. ಆಮ್ಯಾಲ ನೂರಕ್ಕೂ ಹೆಚ್ಚು ಪುಸ್ತಕ ಬರದ್ರು, ಟಿವ್ಹಿಯೊಳಗೂ ಅಡಗಿ ಕಲಿಸಿದ್ರು. 2007ರಾಗ ಪದ್ಮಶ್ರೀ ಬಂತು. 2013ರಾಗ ತೀರಿಕೊಂಡ್ರು. ಮನ್ಯಾಗ ಮಾಡಿದ್ದನ್ನ ನಾಕು ಮಂದಿಗೆ ಬಾಯಿಬಿಟ್ಟು ಹೇಳಿಕೊಟ್ರು ನೋಡ್ರಿ, ಅಲ್ಲಿಂದನ ಆಕಿ ಹೆಸರು ಬೆಳೀತು.

ಇಲ್ಲೇ ನನ್ನ ಮಾತು ಬರತೈತಿ. ಟಿವ್ಹಿ ಅಡಗಿಗೂ ನಮ್ಮ ಅಡಗಿಗೂ ರುಚಿಯಾಗ ಅಂಥಾ ಫರಕ್ ಇಲ್ಲ. ಫರಕ್ ಇರೂದು ಎರಡರಾಗ. ಒಂದು, ಅಲ್ಲಿ ಉಳ್ಳಾಗಡ್ಡಿ ಹೆಚ್ಚಿ ಸಣ್ಣ ಸಣ್ಣ ಬಟ್ಟಲದಾಗ ತಯಾರ ಇಟ್ಟಿರತಾರ. ಮುಸುರಿ ಭಾಂಡೆ ನಮ್ಮ ಕಣ್ಣಿಗೆ ಬೀಳೂದ ಇಲ್ಲ. ನಮ್ಮ ಮನ್ಯಾಗ ಹೆಚ್ಚಾಕಿ, ಮಾಡಾಕಿ, ಬಡಸಾಕಿ, ತಿಕ್ಕಾಕಿ ಎಲ್ಲಾ ಒಬ್ಬಾಕಿನ. ಎರಡನೇದು, ಅಲ್ಲಿ ಮಾಡೂದನ್ನ ಹೆಸರಿಟ್ಟು, ಅಳತಿ ಇಟ್ಟು ಹೇಳ್ತಾರ. ಕಡಿಗೆ ರುಚಿ ನೋಡಿ ಹೊಗಳ್ತಾರ. ನಾವು ಹೇಳೂದೂ ಇಲ್ಲ, ನಮ್ಮನ್ನ ಕೇಳೋರೂ ಇಲ್ಲ.

ಕೇಳದ ಇದ್ರ ಏನಾಗತೈತಿ ಅನ್ನೂದು ನನಗ ಗೊತ್ತಾಗೇತಿ. ನಮ್ಮತ್ತಿಯವರ ಕರಿಂಡಿ ನಮ್ಮ ಓಣಿಗೆಲ್ಲಾ ಹೆಸರಾಗಿತ್ತು. ಎಳ್ಳಮಾಸಿ ಬಂತಂದ್ರ ಅಗಸಿ ಹುರದು ಪುಡಿ ಮಾಡಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಕುಟ್ಟಿ, ಗಜ್ಜರಿ, ಸವತಿಕಾಯಿ ಹೆಚ್ಚಿ ಹಾಕಿ ಭರಣಿಯೊಳಗ ಹುಳಿ ಬರಾಕ ಇಡತಿದ್ರು. ಸಜ್ಜಿ ರೊಟ್ಟಿ ಕೂಡ ಅದನ್ನ ತಿಂದವರು ಮತ್ತೇನೂ ಕೇಳತಿರಲಿಲ್ಲ. “ಅತ್ತಿ, ಅಗಸಿ ಎಷ್ಟು ಹಾಕತೀರಿ?” ಅಂದ್ರ “ಕಣ್ಣಳತಿ ಯವ್ವಾ, ನಿನಗೂ ಬರತೈತಿ” ಅಂತಿದ್ರು. ನಾನೂ ಇನ್ನೊಮ್ಮೆ ಕೇಳಿದ್ರಾತು ಅಂತ ಬಿಟ್ಟೆ. ಹೋದ ವರ್ಷ ಅವರು ತೀರಿಕೊಂಡ್ರು. ಆಮ್ಯಾಲ ಬಂದ ಎಳ್ಳಮಾಸಿಗೆ ನಾ ಮಾಡಿದ ಕರಿಂಡಿ ಮೂರನೇ ದಿನಕ್ಕ ಬೂಸರು ಹಿಡೀತು. ಭರಣಿ ತೊಳಿಯೂ ಮುಂದ ಅಳು ಬಂತು. ಅತ್ತಿ ಹೋಗಿದ್ದು ಅವತ್ತ ಖರೇ ಅನಸ್ತು.

ನನ್ನ ಸೊಸಿ ಹುಬ್ಬಳ್ಳಿಯಾಗ ಕೆಲಸಕ್ಕ ಹೋಗತಾಳ. ಆಕಿ ಫೋನ್ ನೋಡಿ ಅಡಗಿ ಮಾಡ್ತಾಳಂತ ನಾವು ಆಡಕೋತೀವಿ. ನಾವು “ಕಣ್ಣಳತಿ” ಅಂತ ಹೇಳಿದ್ರ ಪಾಪ ಆಕಿ ಮತ್ಯಾರನ್ನ ಕೇಳಬೇಕು? ಚಂದ್ರು ಅವರ “ಅರ್ಧ ಚಮಚ” ಆಕಿಗೆ ತಿಳೀತೈತಿ, ನಮ್ಮ ಕಣ್ಣು ಆಕಿಗೆ ಹೆಂಗ ತಿಳೀಬೇಕು? ಟಿವ್ಹಿಯವರು ಬಂದು ನಮ್ಮ ಓಣಿಯ ಗುರೆಳ್ಳ ಹಿಂಡಿ, ಪುಂಡಿಪಲ್ಯ, ಕರಿಂಡಿ ಎಲ್ಲಾ ಬರಕೊಂಡು ಹೋಗತಾರೇನು? ಅದು ನಮ್ಮ ಕೆಲಸ.

ಅದಕ್ಕ ನಾ ಹೇಳೂದಿಷ್ಟ. ಮನ್ಯಾಗ ಹಿರೇ ಜೀವ ಇದ್ರ ಇವತ್ತ ಬಾಜೂಕ ಕುಂತು ಕೇಳ್ರಿ. ಅವರು ಮುಟಿಗಿಲೆ ಹಾಕಿದ್ರ ಆ ಮುಟಿಗಿಯನ್ನ ಬಟ್ಟಲಕ್ಕ ಹಾಕಿ ಅಳೀರಿ, ಬರದಿಡ್ರಿ. ಅಡಗಿ ಕಲಿಯಾಕ ಮಗಳೊಬ್ಬಾಕಿನ್ನ ಕರೀಬ್ಯಾಡ್ರಿ, ಮಗನ್ನೂ ಕರೀರಿ. ಟಿವ್ಹಿಯೊಳಗ ಗಂಡಸು ಮಾಡಿದ್ರ ಶೋಭಾ ಅಂತೀವಿ, ಮನ್ಯಾಗ ಮಾಡಿದ್ರ ನಾವ “ಹೆಂಗಸರ ಕೆಲಸಕ್ಕ ಯಾಕ ಬಂದಿ” ಅಂತೀವಿ. ತಪ್ಪು ನಮ್ಮದೂ ಐತಿ.

ನಾ ಹಿಂಗ ಬರಿಯಾಕ ಹತ್ತೀನಿ ಅಂತ ನಮ್ಮನಿಯವರಿಗೆ ಹೇಳಿದೆ. ಮಾತಾಡಲಿಲ್ಲ. ಮರುದಿನ ಮುಂಜಾನೆ ತಾವ ಎದ್ದು ಉಪ್ಪಿಟ್ಟು ಮಾಡಿದ್ರು. ಗಂಟು ಗಂಟಾಗಿತ್ತು. ಆದ್ರೂ ನಾ “ಬೊಂಬಾಟ್” ಅಂದೆ. ಅವರ ಮಾರಿ ನೋಡಬೇಕಿತ್ತು ನೀವು! ಒಂದ ಮಾತಿಗೆ ಮನಷ್ಯಾ ಅಷ್ಟು ಅರಳತಾನ. ಆಮ್ಯಾಲ, “ಈಗ ಗೊತ್ತಾತಲ್ರಿ, ನನಗೂ ಹಂಗ ಅನಸತೈತಿ” ಅಂದೆ.

ರಾತ್ರಿ ಊಟಕ್ಕ ಕುಂತಾಗ, ತಲಿ ಎತ್ತದನ “ಝುಣಕ ಚಂದ ಆಗೇತಿ” ಅಂದ್ರು. ಸಿಟ್ಟು ಅರ್ಧ ಇಳೀತು. ಉಳಿದ ಅರ್ಧ ಅವರು ಭಾಂಡೆ ತಿಕ್ಕಿದ ದಿನ ಇಳೀತೈತಿ.