ಕಬ್ಬಿನ ಗ್ಯಾಂಗಿನ ಜೋಪಡಿಗೆ ಸೋಲಾರ್: ಲಾಭವೋ, ಹೊರೆಯೋ?

ನವೆಂಬರ್ ಬಂತೆಂದರೆ ಮುಧೋಳ, ಜಮಖಂಡಿ, ಅಥಣಿ ಕಡೆ ಹೊಲದ ಬದಿಗೆ ಜೋಪಡಿಗಳು ಏಳುತ್ತವೆ. ಮಹಾರಾಷ್ಟ್ರದ ಬೀಡ್‌ನಿಂದ, ನಮ್ಮ ವಿಜಯಪುರದ ಹಳ್ಳಿಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ನಾಲ್ಕೈದು ತಿಂಗಳು ತಾಡಪತ್ರಿಯೇ ಮನೆ. ಊರು ಬದಲಾದರೆ ಮನೆಯೂ ಟ್ರಾಲಿ ಏರುತ್ತದೆ.

ಅಮೆರಿಕದಲ್ಲಿ ಗಾಲಿ ಮನೆಯಲ್ಲಿ ಪ್ರವಾಸ ಹೋಗುವವರು ಚಾವಣಿಗೆ ಸೋಲಾರ್ ಹಾಕಿಸಿದರೆ ಗಿಟ್ಟುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ. ಅವರದು ರಜೆ, ಇವರದು ಹೊಟ್ಟೆಪಾಡು. ಲೆಕ್ಕ ಮಾತ್ರ ಒಂದೇ. ಮಾಡಿ ನೋಡೋಣ.

5 ವ್ಯಾಟಿನ ಎರಡು ಎಲ್‌ಇಡಿ ಬಲ್ಬು ರಾತ್ರಿ 5 ತಾಸು ಉರಿದರೆ 50 ವ್ಯಾಟ್-ಅವರ್. ಮೂರು ಮೊಬೈಲ್ ಪೂರ್ತಿ ಚಾರ್ಜ್ ಆಗಲು ಸುಮಾರು 70. ಒಟ್ಟು 120. ನಮ್ಮ ಚಳಿಗಾಲದ ಬಿಸಿಲಿಗೆ 50 ವ್ಯಾಟಿನ ಒಂದೇ ಪ್ಯಾನೆಲ್, ನಷ್ಟ ಕಳೆದೂ, ದಿನಕ್ಕೆ 150ರ ಆಸುಪಾಸು ಕೊಡುತ್ತದೆ. ಬೆಳಕಿಗೆ, ಮೊಬೈಲಿಗೆ ಅಷ್ಟು ಸಾಕು. ಆದರೆ 1500 ವ್ಯಾಟಿನ ಇಂಡಕ್ಷನ್ ಒಲೆಯನ್ನು ಒಂದು ತಾಸು ಹಚ್ಚಿದರೆ ಹತ್ತು ದಿನದ ಗಳಿಕೆ ಖಾಲಿ. ಅಡುಗೆಯ ಆಸೆ ಬಿಡಬೇಕು.

ದುಡ್ಡು? ಗೂಡಂಗಡಿಯಲ್ಲಿ ಒಂದು ಚಾರ್ಜಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಮೂರು ಮೊಬೈಲ್, 150 ದಿನ: 4,500 ರೂಪಾಯಿ. ಟಾರ್ಚಿನ ಸೆಲ್ಲು ಬೇರೆ. ಅಂಗಡಿಯವರು ಹೇಳುವ ಸೋಲಾರ್ ಬೆಲೆಯನ್ನು ಈ ಅಂಕಿಯ ಪಕ್ಕ ಇಟ್ಟು ನೋಡಿ. ಪ್ಯಾನೆಲ್ಲು ಇಪ್ಪತ್ತು ವರ್ಷ ಬಾಳುತ್ತದೆ. ಬ್ಯಾಟರಿಯನ್ನು ಮಾತ್ರ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು.

ಜೋಪಾನವೂ ಬೇಕು. ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿರಲಿ. ಮರದ ನೆರಳು ಒಂದು ಮೂಲೆಗೆ ಬಿದ್ದರೂ ಕರೆಂಟು ಬಹಳ ಇಳಿಯುತ್ತದೆ. ಕಬ್ಬಿನ ರವದಿ ಸುಟ್ಟ ಕರಿ ಬಂದು ಕೂರುತ್ತದೆ, ದಿನಾ ಬೆಳಿಗ್ಗೆ ಒರೆಸಬೇಕು. ಚಾರ್ಜ್ ಕಂಟ್ರೋಲರ್ ಇಲ್ಲದೆ ಬ್ಯಾಟರಿಗೆ ನೇರ ಜೋಡಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ.

ಹಾಗಾದರೆ ಲಾಭವೇ? ಹೌದು, ಆದರೆ ಯಾರ ದುಡ್ಡಿನಲ್ಲಿ ಎಂಬುದೇ ನಮ್ಮ ಪ್ರಶ್ನೆ. ಮುಂಗಡ ಪಡೆದು, ಅದನ್ನು ತೀರಿಸಲೆಂದೇ ಬಂದ ಜೋಡಿಗೆ ಸೋಲಾರ್ ಕೊಳ್ಳಿ ಎಂದು ಬುದ್ಧಿ ಹೇಳುವುದು ಇನ್ನೊಂದು ಸಾಲ ಹೊರಿಸಿದಂತೆ. ಜೋಪಡಿಗೊಂದರಂತೆ ಸೋಲಾರ್ ಕಿಟ್ಟನ್ನು ಕಾರ್ಖಾನೆ ಕೊಡಬೇಕು, ಹಂಗಾಮು ಮುಗಿದ ಮೇಲೆ ವಾಪಸ್ ಪಡೆಯಬೇಕು, ಕೂಲಿಯಲ್ಲಿ ಒಂದು ಪೈಸೆಯೂ ಮುರಿಯಬಾರದು. ಇದು ನಮ್ಮ ಅಭಿಪ್ರಾಯ.

ಇದನ್ನು ಓದುತ್ತಿರುವ ನೀವು ಕಬ್ಬು ಬೆಳೆಗಾರರಾಗಿದ್ದರೆ, ಕಾರ್ಖಾನೆಯವರು ಊರಿಗೆ ಬಂದಾಗ ದರದ ಜೊತೆ ಈ ಮಾತನ್ನೂ ಎತ್ತಿ. ನಸುಕಿನ ಕತ್ತಲಲ್ಲೇ ಎದ್ದು ನಿಮ್ಮ ಹೊಲಕ್ಕೆ ಇಳಿಯುವ ತಾಯಿ, ಮಲಗಿದ ಮಗುವಿನ ಹಾಸಿಗೆ ಪಕ್ಕ ಹಾವು ಇಲ್ಲವೆಂದು ನೋಡಿಕೊಳ್ಳಲು ಒಂದು ಬಲ್ಬು ಸಾಕು.